ಹಾಳೆಗೆ ಬಾರದ ಅಂಕಿಗಳು

ಉದ್ದಿಮೆಯಲ್ಲಿ ಅಂಕಿಅಂಶಕ್ಕೆ ಬೆಲೆ ಬರುವುದು ಅದರ ಮೇಲೆ ಒಂದು ನಿರ್ಧಾರ ನಿಂತಾಗ. ಎಷ್ಟು ಸರಕು ತರಿಸಬೇಕು, ಯಾವ ಊರಿನಲ್ಲಿ ಮಳಿಗೆ ತೆರೆಯಬೇಕು, ಯಾರಿಗೆ ಸಾಲ ಕೊಡಬೇಕು, ಯಾವ ಯಂತ್ರವನ್ನು ದುರಸ್ತಿಗೆ ನಿಲ್ಲಿಸಬೇಕು ಎಂಬಂಥ ಪ್ರಶ್ನೆ ಮೊದಲು ಇರಬೇಕು. ಉತ್ತರವನ್ನು ಈ ಕಡೆಗೋ ಆ ಕಡೆಗೋ ವಾಲಿಸಬಲ್ಲ ಅಂಕಿ ಆಮೇಲೆ ಬರಬೇಕು. ಹೆಚ್ಚಿನ ಕಚೇರಿಗಳಲ್ಲಿ ನಡೆಯುವುದು ತಲೆಕೆಳಗು. ಬಿಲ್ಲಿಂಗ್ ಯಂತ್ರ, ಮೊಬೈಲ್ ಆ್ಯಪ್, ಜಿಎಸ್‌ಟಿ ಲೆಕ್ಕ, ಯುಪಿಐ ಪಾವತಿ ಎಲ್ಲವೂ ತಮ್ಮಷ್ಟಕ್ಕೆ ಅಂಕಿಗಳನ್ನು ಗುಡ್ಡೆ ಹಾಕುತ್ತಿರುತ್ತವೆ. ಗುಡ್ಡೆ ಬಿದ್ದಿದೆಯಲ್ಲ, ಇದರಲ್ಲಿ ಏನಿದೆ ನೋಡೋಣ ಎಂದು ಯಾರಾದರೂ ಕೂರುತ್ತಾರೆ. ತಿಂಗಳ ಕೊನೆಗೆ ದಪ್ಪನೆಯ ವರದಿ ತಯಾರಾಗುತ್ತದೆ. ಅದರ ಯಾವ ಸಾಲು ಬೇರೆಯಾಗಿದ್ದರೆ ಕಂಪನಿಯ ಯಾವ ಕೆಲಸ ಬೇರೆಯಾಗುತ್ತಿತ್ತು ಎಂದು ಕೇಳಿದರೆ ವರದಿ ಬರೆದವರಿಗೂ ಗೊತ್ತಿರುವುದಿಲ್ಲ.

ನಿರ್ಧಾರಕ್ಕೆ ಅಂಟಿಕೊಂಡ ಅಂಕಿ ಹೇಗಿರುತ್ತದೆ ಎಂಬುದನ್ನು ಕರ್ನಾಟಕದ ಹಳ್ಳಿಗಳ ಹಾಲಿನ ಡೇರಿಯಲ್ಲಿ ದಿನಕ್ಕೆರಡು ಹೊತ್ತು ಕಾಣಬಹುದು. ತಂದ ಹಾಲನ್ನು ಅಳೆಯುತ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ನೋಡುತ್ತಾರೆ. ದರ ನಿಲ್ಲುವುದು ಈ ಅಂಕಿಗಳ ಮೇಲೆ. ಫ್ಯಾಟ್ ಇಳಿಯಿತೆಂದರೆ ಮನೆಯಲ್ಲಿ ಹಿಂಡಿ, ಹಸಿಮೇವು, ಒಣಮೇವಿನ ಲೆಕ್ಕ ಬದಲಾಗುತ್ತದೆ. ಅದೇ ಅಂಕಿ ಜಿಲ್ಲಾ ಒಕ್ಕೂಟಕ್ಕೆ ಹೋದಾಗ ಎಷ್ಟು ಹಾಲು ಪ್ಯಾಕೆಟ್ಟಿಗೆ, ಎಷ್ಟು ಹಾಲು ಪುಡಿಗೆ ಎಂಬ ಇನ್ನೊಂದು ನಿರ್ಧಾರಕ್ಕೆ ಆಧಾರವಾಗುತ್ತದೆ. ಇಲ್ಲಿ ಅಳೆಯುವವರಿಗೂ ಅಳೆಯಿಸಿಕೊಳ್ಳುವವರಿಗೂ ಅಂಕಿ ಏಕೆ ಬೇಕು ಎಂಬುದು ಗೊತ್ತು. ದೊಡ್ಡ ತಂತ್ರಾಂಶಗಳಿರುವ ಎಷ್ಟೋ ಕಂಪನಿಗಳಲ್ಲಿ ಈ ಸ್ಪಷ್ಟತೆ ಇಲ್ಲ.

ಪ್ರಶ್ನೆ ಸ್ಪಷ್ಟವಾದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಕಣ್ಣ ಮುಂದಿರುವ ಅಂಕಿಗಳನ್ನು ಎಷ್ಟು ಚೆನ್ನಾಗಿ ಕೂಡಿಸಿ ಕಳೆದರೂ, ಕಣ್ಣ ಮುಂದೆ ಬಾರದೇ ಹೋದವು ಲೆಕ್ಕವನ್ನು ಕೆಡಿಸಬಹುದು. ಉದ್ದಿಮೆಗಳು ದತ್ತಾಂಶ ಹಿಡಿದುಕೊಂಡೇ ಎಡವಿದ ದೊಡ್ಡ ಪ್ರಸಂಗಗಳಲ್ಲಿ ಕೂಡಿಸುವ ತಪ್ಪು ಅಪರೂಪ. ಹಾಳೆಯಲ್ಲಿ ಇರಬೇಕಾದದ್ದು ಇಲ್ಲದಿರುವುದೇ ಹೆಚ್ಚು.

ಹಿಂತಿರುಗದ ವಿಮಾನಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞರ ಒಂದು ತಂಡ ಅಮೆರಿಕದ ಸೇನೆಗಾಗಿ ಕೆಲಸ ಮಾಡುತ್ತಿತ್ತು. ಅದರಲ್ಲಿದ್ದ ಏಬ್ರಹಾಂ ವಾಲ್ಡ್ ಮುಂದೆ ಬಂದ ಪ್ರಶ್ನೆ ವಿಮಾನಗಳದ್ದು. ದಾಳಿ ಮುಗಿಸಿ ಬಂದ ವಿಮಾನಗಳ ಮೈಮೇಲೆ ಗುಂಡಿನ ತೂತುಗಳಿರುತ್ತಿದ್ದವು. ಕವಚದ ತೂಕ ಹೆಚ್ಚಾದರೆ ವಿಮಾನ ನಿಧಾನವಾಗುತ್ತದೆ, ಹಾಗಾಗಿ ಎಲ್ಲ ಕಡೆಗೂ ಹಾಕುವಂತಿಲ್ಲ. ತೂತು ಹೆಚ್ಚಿರುವಲ್ಲಿ ಹಾಕಬೇಕು ಎಂದು ಯಾರಿಗಾದರೂ ಅನಿಸುತ್ತದೆ. ವಾಲ್ಡ್ ನೋಡಿದ್ದು ಬೇರೆಯ ಸಂಗತಿಯನ್ನು. ಈ ತೂತುಗಳನ್ನು ಎಣಿಸಿದ್ದು ಹಿಂತಿರುಗಿ ಬಂದ ವಿಮಾನಗಳಲ್ಲಿ. ಅಲ್ಲಿ ಗುಂಡು ಬಿದ್ದರೂ ವಿಮಾನ ಮರಳಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ಎಂಜಿನ್ ಭಾಗದಲ್ಲಿ ತೂತು ಕಡಿಮೆ ಕಾಣುತ್ತಿದೆಯೆಂದರೆ ಅಲ್ಲಿ ಗುಂಡು ತಿಂದವು ಹಿಂತಿರುಗಿಲ್ಲ. ಕವಚ ಬೇಕಾದದ್ದು ಅಲ್ಲಿ.

ವಾಲ್ಡ್ ಅವರ ಕೊನೆಯೂ ಒಂದು ವಿಮಾನದಲ್ಲೇ ಆಯಿತು. ಉಪನ್ಯಾಸ ನೀಡಲು ಭಾರತಕ್ಕೆ ಬಂದಿದ್ದ ಅವರು ಮತ್ತು ಅವರ ಪತ್ನಿ 1950ರ ಡಿಸೆಂಬರ್‌ನಲ್ಲಿ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಪ್ರಶ್ನೆ ಇಂದಿಗೂ ಪ್ರತಿ ವ್ಯಾಪಾರಕ್ಕೂ ಸಲ್ಲುತ್ತದೆ. ಗ್ರಾಹಕರ ಅಭಿಪ್ರಾಯದ ಅರ್ಜಿ ತುಂಬುವವರು ಅಂಗಡಿಗೆ ಇನ್ನೂ ಬರುತ್ತಿರುವವರು. ಬೇಸತ್ತು ಬಿಟ್ಟುಹೋದವರು ಅರ್ಜಿ ತುಂಬುವುದಿಲ್ಲ. ಗೆದ್ದ ಹತ್ತು ಹೊಸ ಕಂಪನಿಗಳನ್ನು ಮುಂದಿಟ್ಟುಕೊಂಡು ಗೆಲುವಿನ ಗುಟ್ಟು ಹುಡುಕುವವರು, ಅದೇ ಗುಟ್ಟನ್ನು ನಂಬಿ ಮುಚ್ಚಿಹೋದ ಕಂಪನಿಗಳ ಪಟ್ಟಿಯನ್ನೂ ತರಿಸಿಕೊಳ್ಳಬೇಕು. ಸ್ಟಾಕ್ ಮುಗಿದ ದಿನ ಬಂದು ಬರಿಗೈಲಿ ಹೋದ ಗಿರಾಕಿ ಬಿಲ್ಲಿನಲ್ಲಿ ಎಲ್ಲೂ ಇರುವುದಿಲ್ಲ. ಮಾರಾಟದ ಅಂಕಿಯನ್ನೇ ಬೇಡಿಕೆ ಎಂದುಕೊಂಡ ವ್ಯಾಪಾರಿ ಮುಂದಿನ ಸಲವೂ ಕಡಿಮೆ ತರಿಸುತ್ತಾನೆ, ಮುಂದಿನ ಸಲವೂ ಗಿರಾಕಿ ಬರಿಗೈಲಿ ಹೋಗುತ್ತಾನೆ.

ಅಳೆಯಬೇಕಾದದ್ದನ್ನು ಬಿಟ್ಟು ಅಳೆಯಲು ಸುಲಭವಾದದ್ದನ್ನು ಅಳೆಯುವುದು ಈ ಕೊರತೆಯ ಇನ್ನೊಂದು ರೂಪ. 1985ರ ಏಪ್ರಿಲ್ 23ರಂದು ಕೋಕಾ ಕೋಲಾ ಕಂಪನಿ ತನ್ನ ಪಾನೀಯದ ರುಚಿಯನ್ನೇ ಬದಲಿಸಿತು. ಆತುರದ ತೀರ್ಮಾನವೇನೂ ಅಲ್ಲ. ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ ಕೇಳಿತ್ತು. ಸಿಹಿ ಹೆಚ್ಚಿದ್ದ ಹೊಸ ರುಚಿಯೇ ಗೆದ್ದಿತ್ತು. ಆದರೆ ಕೇಳಿದ ಪ್ರಶ್ನೆ ಒಂದು ಗುಟುಕಿನದು. ಹಳೆಯದು ಇನ್ನು ಮುಂದೆ ಸಿಗುವುದೇ ಇಲ್ಲ ಎಂದರೆ ಏನನ್ನಿಸುತ್ತದೆ ಎಂಬುದು ಆ ಪರೀಕ್ಷೆಯ ಅಳತೆಗೆ ಬಂದಿರಲಿಲ್ಲ. ಗ್ರಾಹಕರ ದೂರವಾಣಿಗೆ ದಿನಕ್ಕೆ 400 ಕರೆ ಬರುತ್ತಿದ್ದಲ್ಲಿ ಜೂನ್ ಹೊತ್ತಿಗೆ 1,500 ಬರತೊಡಗಿದವು. 79 ದಿನಗಳಲ್ಲಿ, ಜುಲೈ 11ರಂದು, ಕಂಪನಿ ಹಳೆಯ ರುಚಿಯನ್ನು ಮರಳಿ ತಂದಿತು. ಮಾದರಿ ಎಷ್ಟೇ ದೊಡ್ಡದಾದರೂ ತಪ್ಪು ಪ್ರಶ್ನೆಯನ್ನು ಸರಿಪಡಿಸಲಾರದು ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ಪುರಾವೆ ಕಡಿಮೆ.

ಎಲ್ಲರನ್ನೂ ಎಣಿಸಿದರೆ ಮಾತ್ರ ನಿಜ ತಿಳಿಯುತ್ತದೆ ಎಂಬ ನಂಬಿಕೆಯನ್ನು ಭಾರತದಲ್ಲಿ ಮುರಿದವರು ಪಿ. ಸಿ. ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿ ತೋರಿಸಿದರು. ಮೊದಲು ಸಣ್ಣ ಪ್ರಯೋಗ ಸಮೀಕ್ಷೆ ನಡೆಸಿ, ಅದರ ಕೊರತೆ ತಿದ್ದಿಕೊಂಡು ದೊಡ್ಡದಕ್ಕೆ ಹೋಗುವುದು ಅವರ ಕ್ರಮ. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಳುಹಿಸಿ, ಇಬ್ಬರ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡುವುದು ಅವರ ಇನ್ನೊಂದು ಉಪಾಯ. ಎರಡರ ನಡುವಿನ ಅಂತರ ದೊಡ್ಡದಿದ್ದರೆ ದೋಷ ಎಣಿಸಿದವರ ಕೈಯಲ್ಲಿರಬಹುದು. ಇಂದು ಒಂದು ಕಂಪನಿ ಎರಡು ಶಾಖೆಗಳ ಗೋದಾಮಿನ ದಾಸ್ತಾನನ್ನು ಇಬ್ಬರಿಂದ ಪ್ರತ್ಯೇಕವಾಗಿ ಎಣಿಕೆ ಮಾಡಿಸಿದರೆ ಸಾಕು, ಕಂಪ್ಯೂಟರಿನ ಪರದೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ಸಂಗ್ರಹಿಸುವುದು ಸರಕಿನ ಲೆಕ್ಕವಲ್ಲ, ಗ್ರಾಹಕರ ಖಾಸಗಿ ವಿವರವಾದರೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು ಸಂಸತ್ತು 2023ರಲ್ಲಿ ಮಾಡಿದ ಕಾನೂನೂ ಇದೆ. ಯಾವ ಉದ್ದೇಶಕ್ಕೆ ಎಂದು ಹೇಳಿ ಒಪ್ಪಿಗೆ ಪಡೆಯುವುದು ಕಾನೂನಿಗಾಗಿ ಅಷ್ಟೇ ಅಲ್ಲ, ಉದ್ದೇಶವೇನೆಂದು ಕಂಪನಿಗೇ ಸ್ಪಷ್ಟವಾಗಲೂ ಒಳ್ಳೆಯದು.

ಪಂಚಾಂಗ ಮತ್ತು ಲೆಕ್ಕದ ಹಾಳೆ

ಅಂಕಿಗೆ ಅರ್ಥ ಬರುವುದು ಇನ್ನೊಂದು ಅಂಕಿಯ ಪಕ್ಕದಲ್ಲಿ ಕೂತಾಗ. ಪಕ್ಕದಲ್ಲಿ ಯಾವುದನ್ನು ಕೂರಿಸಬೇಕು ಎಂಬಲ್ಲಿ ಕರ್ನಾಟಕದ ವ್ಯಾಪಾರಕ್ಕೆ ಅದರದೇ ತೊಡಕುಗಳಿವೆ. ಲೆಕ್ಕದ ಹಾಳೆ ನಡೆಯುವುದು ಜನವರಿ, ಫೆಬ್ರವರಿಗಳ ಮೇಲೆ. ಗಿರಾಕಿ ನಡೆಯುವುದು ಪಂಚಾಂಗದ ಮೇಲೆ. 2023ರಲ್ಲಿ ದೀಪಾವಳಿ ನವೆಂಬರ್ 12ರ ಸುಮಾರಿಗೆ ಬಂತು. 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೇ ಬಂದು ಹೋಯಿತು. ಈ ಎರಡು ವರ್ಷಗಳ ನವೆಂಬರ್ ತಿಂಗಳನ್ನು ಪಕ್ಕಪಕ್ಕ ಇಟ್ಟ ಬಟ್ಟೆ ಅಂಗಡಿಯವರಿಗೆ ವ್ಯಾಪಾರ ಕುಸಿದಂತೆ ಕಾಣುತ್ತದೆ, ಅಕ್ಟೋಬರ್ ಇಟ್ಟವರಿಗೆ ಏರಿದಂತೆ ಕಾಣುತ್ತದೆ. ಬದಲಾದದ್ದು ಹಬ್ಬದ ದಿನಾಂಕ.

ಆಷಾಢ, ಶ್ರಾವಣಗಳ ಕತೆ ಇನ್ನೂ ಸೂಕ್ಷ್ಮ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಸೀರೆ, ಚಿನ್ನ, ಪೀಠೋಪಕರಣದ ವ್ಯಾಪಾರ ತಗ್ಗುತ್ತದೆ, ಅದಕ್ಕೇ ಆಷಾಢದ ರಿಯಾಯಿತಿ ಮಾರಾಟ. 2023ರಲ್ಲಿ ಆಷಾಢ ಮುಗಿಯುತ್ತಿದ್ದಂತೆ ಅಧಿಕ ಶ್ರಾವಣ ಬಂತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಅಧಿಕ ಮಾಸದಲ್ಲೂ ಶುಭಕಾರ್ಯ ನಡೆಯುವುದಿಲ್ಲ. ಹೀಗೆ ಆ ವರ್ಷದ ಆಗಸ್ಟ್‌ನ ಮೊದಲರ್ಧ ವ್ಯಾಪಾರಕ್ಕೆ ಸಪ್ಪೆ. 2024ರಲ್ಲಿ ಶ್ರಾವಣ ಆಗಸ್ಟ್ 5ಕ್ಕೇ ಶುರುವಾಗಿ ತಿಂಗಳ ಬಹುಪಾಲನ್ನು ತುಂಬಿತು. 2024ರ ಆಗಸ್ಟ್‌ನಲ್ಲಿ ಹೊಸ ಜಾಹೀರಾತು ಹಾಕಿದ್ದ ಮಳಿಗೆಯೊಂದು ಹಿಂದಿನ ಆಗಸ್ಟ್‌ಗಿಂತ ಮಾರಾಟ ಏರಿದ್ದನ್ನು ನೋಡಿ ಎಲ್ಲ ಶ್ರೇಯಸ್ಸನ್ನೂ ಜಾಹೀರಾತಿಗೆ ಕೊಟ್ಟಿದ್ದರೆ, ಮರುವರ್ಷ ಅದಕ್ಕೆ ಇನ್ನಷ್ಟು ಹಣ ಸುರಿದಿರುತ್ತದೆ. ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಲೆಕ್ಕದ ಹಾಳೆಯಲ್ಲಿ ದಿನಾಂಕದ ಪಕ್ಕ ಮಾಸ, ಹಬ್ಬ, ಲಗ್ನಗಳ ಒಂದು ಕಾಲಂ ಸೇರಿಸಬೇಕು. ಶ್ರಾವಣವನ್ನು ಶ್ರಾವಣದೊಂದಿಗೆ, ದೀಪಾವಳಿಯ ಹಿಂದಿನ ಮೂರು ವಾರವನ್ನು ಹಿಂದಿನ ದೀಪಾವಳಿಯ ಹಿಂದಿನ ಮೂರು ವಾರದೊಂದಿಗೆ ಇಟ್ಟು ನೋಡಬೇಕು. ಹಳೆಯ ಜವಳಿ ವ್ಯಾಪಾರಿಗಳು ಇದನ್ನು ಬಾಯಿಲೆಕ್ಕದಲ್ಲೇ ಮಾಡುತ್ತ ಬಂದವರು. ಬೇರೆಲ್ಲೋ ತಯಾರಾದ ಡ್ಯಾಶ್‌ಬೋರ್ಡಿಗೆ ಇದು ತಿಳಿದಿರುವುದಿಲ್ಲ.

ಹೋಲಿಕೆಯ ಇನ್ನೊಂದು ಅಂಗ ಎಷ್ಟರಲ್ಲಿ ಎಷ್ಟು ಎಂಬುದು. ಹತ್ತು ದೂರು ಬಂದವು ಎಂದರೆ ನೂರು ಆರ್ಡರಿಗೋ ಲಕ್ಷಕ್ಕೋ ಎಂದು ತಿಳಿಯದೆ ಆ ಮಾತಿಗೆ ತೂಕವಿಲ್ಲ. ಲಂಡನ್ನಿನ ವೈದ್ಯ ಜಾನ್ ಸ್ನೋ 1854ರ ಕಾಲರಾ ಸಮಯದಲ್ಲಿ ಮಾಡಿದ ಲೆಕ್ಕ ಇದಕ್ಕೆ ಇಂದಿಗೂ ಮಾದರಿ. ನಗರದ ದಕ್ಷಿಣ ಭಾಗದಲ್ಲಿ ಎರಡು ಖಾಸಗಿ ಕಂಪನಿಗಳು ನೀರು ಕೊಡುತ್ತಿದ್ದವು, ಎಷ್ಟೋ ಬೀದಿಗಳಲ್ಲಿ ಎರಡರ ಕೊಳವೆಗಳೂ ಒಟ್ಟಿಗೇ ಹಾದುಹೋಗಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಊರ ಕೊಳಚೆ ಸೇರದ ಕಡೆಗೆ ಸಾಗಿಸಿತ್ತು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಕೊಳಚೆ ಬೆರೆತ ನೀರನ್ನೇ ಕೊಡುತ್ತಿತ್ತು. ಸ್ನೋ ಸತ್ತವರ ಮನೆಮನೆಗೆ ಯಾವ ಕಂಪನಿಯ ನೀರು ಎಂದು ವಿಚಾರಿಸಿದರು, ಪ್ರತಿ ಕಂಪನಿಯಿಂದ ನೀರು ಪಡೆಯುವ ಮನೆಗಳೆಷ್ಟು ಎಂಬುದನ್ನೂ ತೆಗೆದರು. ಸೌತ್‌ವರ್ಕ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98. ಅಂದರೆ ಹತ್ತು ಸಾವಿರ ಮನೆಗೆ ಒಂದರಲ್ಲಿ 315, ಇನ್ನೊಂದರಲ್ಲಿ 37. ಒಂದೇ ಬೀದಿ, ಒಂದೇ ಗಾಳಿ, ಅಕ್ಕಪಕ್ಕದ ಮನೆ, ಬೇರೆಯಾದದ್ದು ನೀರು ಮಾತ್ರ. ಇಂದು ಆನ್‌ಲೈನ್ ಮಳಿಗೆಗಳು ತಮ್ಮ ಪುಟದ ಎರಡು ರೂಪಗಳನ್ನು ಬೇರೆ ಬೇರೆ ಗ್ರಾಹಕರಿಗೆ ತೋರಿಸಿ ಯಾವುದರಲ್ಲಿ ಕೊಳ್ಳುವವರು ಹೆಚ್ಚು ಎಂದು ನೋಡುವಾಗ ಅನುಸರಿಸುವ ತರ್ಕ ಇದೇ: ಒಂದನ್ನು ಬಿಟ್ಟು ಉಳಿದೆಲ್ಲ ಸಮನಾಗಿರಬೇಕು.

ಸರಾಸರಿಯ ವಿಷಯವನ್ನು ಬೇಗ ಮುಗಿಸಬಹುದು. ಹತ್ತು ಬಿಲ್ಲುಗಳಲ್ಲಿ ಒಂಬತ್ತು 200 ರೂಪಾಯಿಯವು, ಒಂದು 8,200 ರೂಪಾಯಿಯದು ಎಂದಿಟ್ಟುಕೊಂಡರೆ ಸರಾಸರಿ 1,000 ರೂಪಾಯಿ. ಸಾವಿರ ರೂಪಾಯಿ ಖರ್ಚು ಮಾಡಿದ ಗಿರಾಕಿ ಒಬ್ಬನೂ ಇಲ್ಲ. ಬಿಲ್ಲುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿದರೆ 200 ಎಂದು ಸಿಗುತ್ತದೆ, ಅಂಗಡಿಯ ನಿತ್ಯದ ಚಿತ್ರ ಅದು. ಶೇಕಡಾವಾರಿನಲ್ಲೂ ಎಚ್ಚರ ಬೇಕು. ಬಡ್ಡಿ ಶೇ 8ರಿಂದ ಶೇ 10ಕ್ಕೆ ಏರಿದರೆ ಅದು ಎರಡು ಶೇಕಡಾ ಅಂಶದ ಏರಿಕೆ, ಜೊತೆಗೆ ಶೇ 25ರ ಏರಿಕೆ. ಎರಡೂ ನಿಜ, ಯಾವುದನ್ನು ಹೇಳುತ್ತಿದ್ದೇವೆ ಎಂಬುದನ್ನು ಬಿಡಿಸಿ ಹೇಳದಿದ್ದರೆ ಕೇಳುವವರಿಗೆ ವಂಚನೆ.

ಏರಿಳಿತಕ್ಕೆಲ್ಲ ಕಾರಣ ಹುಡುಕುವ ಚಟವೂ ಕಂಪನಿಗಳನ್ನು ಸುಸ್ತು ಮಾಡುತ್ತದೆ. ದೂರವಾಣಿ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ಕೆಲಸಕ್ಕಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದಕ್ಕೊಂದು ಸರಳ ಚಿತ್ರ ಬರೆದರು. ದಿನದಿನದ ಅಳತೆಯನ್ನು ಗೆರೆಯಾಗಿ ಎಳೆದು, ಹಿಂದಿನ ಅಂಕಿಗಳಿಂದ ಲೆಕ್ಕಹಾಕಿದ ಒಂದು ಮೇಲ್ಮಿತಿ, ಒಂದು ಕೆಳಮಿತಿ ಹಾಕುವುದು. ಗೆರೆ ಎರಡರ ನಡುವೆ ಅಲ್ಲಾಡುತ್ತಿದ್ದರೆ ಅದು ಆ ಕೆಲಸದ ಸಹಜ ಅಲ್ಲಾಟ, ಯಾರನ್ನೂ ಕರೆದು ಬೈಯಬೇಕಾಗಿಲ್ಲ, ಯಾರ ಬೆನ್ನನ್ನೂ ತಟ್ಟಬೇಕಾಗಿಲ್ಲ. ಮಿತಿ ದಾಟಿದರೆ ಹೊಸದೇನೋ ನಡೆದಿದೆ, ಹೋಗಿ ನೋಡಬೇಕು. ಈ ವಾರ ಮಾರಾಟ ಏಕೆ ಶೇ 3 ಇಳಿಯಿತು ಎಂದು ಪ್ರತಿ ಸೋಮವಾರ ಕಾರಣ ಬರೆಸುವ ವ್ಯವಸ್ಥಾಪಕರು ನೂರು ವರ್ಷ ಹಳೆಯ ಈ ಚಿತ್ರವನ್ನು ಒಮ್ಮೆ ಬರೆದು ನೋಡಬೇಕು.

1986ರ ಜನವರಿ 27ರ ರಾತ್ರಿ

ಅಂಕಿಗಳು ಸರಿಯಾಗಿದ್ದೂ ಸಭೆಯಲ್ಲಿ ಸೋಲಬಹುದು. ಹಾಗೆ ಸೋತ ಒಂದು ಸಭೆಯ ವಿವರ ದಾಖಲೆಯಲ್ಲಿದೆ.

ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಜನವರಿ 28ರ ಬೆಳಿಗ್ಗೆ ಮೇಲೇರಬೇಕಿತ್ತು. ಫ್ಲೋರಿಡಾದಲ್ಲಿ ಅಂದು ಎಂದಿಲ್ಲದ ಚಳಿ. ನೌಕೆಯ ರಾಕೆಟ್ ಮೋಟಾರುಗಳನ್ನು ತಯಾರಿಸಿದ್ದು ಯೂಟಾ ರಾಜ್ಯದ ಮಾರ್ಟನ್ ಥಿಯೋಕಾಲ್ ಕಂಪನಿ. ಮೋಟಾರಿನ ತುಂಡುಗಳು ಕೂಡುವಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನ ಉಂಗುರಗಳಿದ್ದವು. ಚಳಿಗೆ ರಬ್ಬರ್ ಬಿರುಸಾಗುತ್ತದೆ, ಸಂದು ಮುಚ್ಚುವುದು ತಡವಾಗುತ್ತದೆ ಎಂಬುದು ಕಂಪನಿಯ ಎಂಜಿನಿಯರುಗಳ ಆತಂಕ. ಅವರಲ್ಲಿ ರೋಜರ್ ಬೋಯ್ಸ್‌ಜೋಲಿ ಹಿಂದಿನ ಜುಲೈನಲ್ಲೇ ಕಂಪನಿಯ ಹಿರಿಯರಿಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಉಡಾವಣೆಯ ಹಿಂದಿನ ರಾತ್ರಿ ಮೂರು ಊರುಗಳ ನಡುವೆ ದೂರವಾಣಿ ಸಭೆ ನಡೆಯಿತು. ಎಂಜಿನಿಯರುಗಳು ಕೆಲವೇ ಗಂಟೆಗಳಲ್ಲಿ 13 ಹಾಳೆ ತಯಾರಿಸಿ ಫ್ಯಾಕ್ಸ್ ಮಾಡಿದರು. ಅವರ ಸಲಹೆ: ಅಲ್ಲಿಯವರೆಗಿನ ಅತಿ ಚಳಿಯ ಉಡಾವಣೆ ನಡೆದದ್ದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದಕ್ಕಿಂತ ಕಡಿಮೆಯಲ್ಲಿ ಹಾರಿಸಬೇಡಿ.

ನಾಸಾದ ಅಧಿಕಾರಿಗಳು ಒಪ್ಪಲಿಲ್ಲ. ಹಾಳೆಗಳಲ್ಲಿ ಉಂಗುರ ಹಾಳಾದ ಹಾರಾಟಗಳ ವಿವರವಿತ್ತು. ಸುಮಾರು 12 ಡಿಗ್ರಿಯಲ್ಲೂ ಹಾಳಾಗಿತ್ತು, 24 ಡಿಗ್ರಿಯಲ್ಲೂ ಹಾಳಾಗಿತ್ತು. ಬಿಸಿಯಲ್ಲೂ ಆದದ್ದನ್ನು ಚಳಿಯ ತಲೆಗೆ ಕಟ್ಟುವುದು ಹೇಗೆ? ಕಂಪನಿಯವರು ಪ್ರತ್ಯೇಕವಾಗಿ ಮಾತಾಡಿಕೊಳ್ಳಲು ಸಮಯ ಕೇಳಿದರು. ಅರ್ಧ ಗಂಟೆಯ ಆ ಮಾತುಕತೆಯಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಎಂಜಿನಿಯರ್ ಆಗಿ ಯೋಚಿಸುವುದನ್ನು ಬಿಟ್ಟು ವ್ಯವಸ್ಥಾಪಕರಾಗಿ ಯೋಚಿಸಿ ಎಂದು ಹಿರಿಯರೊಬ್ಬರು ಹೇಳಿದರು. ಸಲಹೆ ತಿರುವುಮುರುವಾಯಿತು. ಮರುದಿನ ಸುಮಾರು 2 ಡಿಗ್ರಿ ಚಳಿಯಲ್ಲಿ ಮೇಲೇರಿದ ಚಾಲೆಂಜರ್ 73ನೇ ಸೆಕೆಂಡಿಗೆ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಸತ್ತರು.

ತನಿಖೆ ನಡೆಸಿದ ರೋಜರ್ಸ್ ಆಯೋಗ ಎಲ್ಲ 24 ಹಾರಾಟಗಳನ್ನೂ ಒಂದೇ ನಕ್ಷೆಯಲ್ಲಿ ಇಟ್ಟಿತು, ಉಂಗುರ ಹಾಳಾದವನ್ನೂ ಹಾಳಾಗದವನ್ನೂ. ಸುಮಾರು 19 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿನ ಉಷ್ಣಾಂಶದಲ್ಲಿ ನಡೆದ 20 ಹಾರಾಟಗಳಲ್ಲಿ ತೊಂದರೆ ಕಂಡದ್ದು ಮೂರರಲ್ಲಿ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆಯಲ್ಲಿ ನಡೆದ ನಾಲ್ಕರಲ್ಲಿ ನಾಲ್ಕರಲ್ಲೂ. ಹಿಂದಿನ ರಾತ್ರಿಯ ಚರ್ಚೆಗೆ ಬಾರದೇ ಹೋದದ್ದು ಏನೂ ಆಗದ 17 ಹಾರಾಟಗಳು. ಏನೂ ಆಗಿಲ್ಲವೆಂದೇ ಅವನ್ನು ಯಾರೂ ತೋರಿಸಿರಲಿಲ್ಲ. ಅವೆಲ್ಲವೂ ಬೆಚ್ಚಗಿನ ದಿನಗಳಲ್ಲೇ ನಡೆದಿದ್ದವು ಎಂಬುದೇ ಇಡೀ ವಾದದ ಬೆನ್ನೆಲುಬಾಗಬಹುದಿತ್ತು.

ದೋಷವನ್ನೆಲ್ಲ ಎಂಜಿನಿಯರುಗಳ ಹಾಳೆಗಳ ಮೇಲೆ ಹೊರಿಸುವುದು ಅನ್ಯಾಯ. ಅವರು ಸರಿಯಾದ ಮಾತನ್ನೇ ಹೇಳಿದ್ದರು, ಅಧಿಕಾರದ ಎದುರು ಹೇಳಿದ್ದರು. ಆದರೆ ಸಿದ್ಧತೆಗೆ ಕೆಲವೇ ಗಂಟೆ ಸಿಕ್ಕಿದ ಸಭೆಯಲ್ಲಿ ಒಂದು ನಕ್ಷೆ ಮಾಡಬಹುದಾದ ಕೆಲಸವನ್ನು 13 ಹಾಳೆಗಳಿಗೆ ಮಾಡಲಾಗಲಿಲ್ಲ.

ಹದಿನೇಳು ವರ್ಷಗಳ ಅನಂತರ ನಾಸಾದಲ್ಲೇ ಇನ್ನೊಂದು ದುರಂತ. 2003ರ ಜನವರಿ 16ರಂದು ಹೊರಟ ಕೊಲಂಬಿಯಾ ನೌಕೆಯ ಎಡ ರೆಕ್ಕೆಗೆ, ಇಂಧನ ಟ್ಯಾಂಕಿನಿಂದ ಕಿತ್ತುಬಂದ ನೊರೆಯ ಹೊದಿಕೆಯ ತುಂಡೊಂದು ಬಡಿಯಿತು. ನೌಕೆ ಮೇಲಿರುವಾಗಲೇ, ಅಪಾಯವೆಷ್ಟು ಎಂದು ಬೋಯಿಂಗ್ ಕಂಪನಿಯ ಎಂಜಿನಿಯರುಗಳು ಲೆಕ್ಕಹಾಕಿ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ಮಂಡಿಸಿದರು. ಅದರಲ್ಲೊಂದು ಸ್ಲೈಡನ್ನು ಮಾಹಿತಿ ವಿನ್ಯಾಸದ ವಿದ್ವಾಂಸ ಎಡ್ವರ್ಡ್ ಟಫ್ಟೆ ಆಮೇಲೆ ಸಾಲುಸಾಲಾಗಿ ಬಿಡಿಸಿದರು. ದೊಡ್ಡ ಅಕ್ಷರದ ತಲೆಬರಹ ಓದಿದವರಿಗೆ, ಲೆಕ್ಕದಲ್ಲಿ ಸುರಕ್ಷತೆಯ ಅಂಚು ಸಾಕಷ್ಟಿದೆ ಎಂಬ ಭಾವನೆ ಬರುತ್ತಿತ್ತು. ಸ್ಲೈಡಿನ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಅಂಕಿಯಿತ್ತು: ಪರೀಕ್ಷೆಗೆ ಬಳಸಿದ್ದ ತುಂಡು 3 ಘನ ಅಂಗುಲ, ಬಡಿದದ್ದು 1,920 ಘನ ಅಂಗುಲದ್ದು ಎಂಬ ಅಂದಾಜು. ಮೊದಲನೆಯದು ಸುಮಾರು 50 ಮಿಲಿ ಲೀಟರ್, ಎರಡನೆಯದು 31 ಲೀಟರಿಗೂ ಮಿಕ್ಕಿ, 640 ಪಟ್ಟು. ಇದ್ದ ಪರೀಕ್ಷೆಗಳಿಂದ ಏನನ್ನೂ ಹೇಳಲಾಗದು ಎಂಬುದೇ ಆ ಅಂಕಿಯ ಅರ್ಥ. ಅದು ತಲೆಬರಹವಾಗಬೇಕಿತ್ತು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಚೂರಾಯಿತು; ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ತಾಂತ್ರಿಕ ವರದಿ ಬರೆಯಬೇಕಾದ ಕಡೆಯಲ್ಲೆಲ್ಲ ಸ್ಲೈಡು ತೋರಿಸುವ ರೂಢಿಯನ್ನು ತನಿಖಾ ಮಂಡಳಿ ತನ್ನ ವರದಿಯಲ್ಲಿ ನೇರವಾಗಿ ಟೀಕಿಸಿತು.

ಮುಂದಿಡುವ ಬಗೆ

ಅಮೆಜಾನ್ ಕಂಪನಿಯ ಹಿರಿಯರ ಸಭೆಗಳಲ್ಲಿ 2004ರಿಂದ ಪವರ್‌ಪಾಯಿಂಟ್ ಇಲ್ಲ. ವಿಷಯ ಮಂಡಿಸುವವರು ಆರು ಪುಟದ ಟಿಪ್ಪಣಿ ಬರೆದು ತರಬೇಕು. ಸಭೆಯ ಮೊದಲ ಭಾಗದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದುತ್ತಾರೆ, ಆಮೇಲೆ ಮಾತು. ಪೂರ್ಣ ವಾಕ್ಯ ಬರೆಯುವಾಗ ಏಕೆ, ಆದ್ದರಿಂದ, ಆದರೆ ಎಂಬ ಮಾತುಗಳನ್ನು ಬಳಸಲೇಬೇಕಾಗುತ್ತದೆ. ತುಂಡು ಸಾಲುಗಳು ಅವನ್ನು ನುಂಗಿಬಿಡುತ್ತವೆ. ಒಳ್ಳೆಯ ಟಿಪ್ಪಣಿಗೆ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ ಎಂದು ಜೆಫ್ ಬೆಜೋಸ್ ಷೇರುದಾರರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಸಣ್ಣ ಉದ್ದಿಮೆಗೆ ಆರು ಪುಟ ಬೇಡ. ಯಾವ ನಿರ್ಧಾರ ಬೇಕು, ಅದಕ್ಕೆ ಆಧಾರವೇನು, ಯಾವುದು ಗೊತ್ತಿಲ್ಲ, ತಪ್ಪಿದರೆ ನಷ್ಟವೆಷ್ಟು ಎಂಬುದನ್ನು ಕನ್ನಡದಲ್ಲೇ ಒಂದು ಪುಟ ಬರೆದರೆ ಕೆಲಸ ನಡೆಯುತ್ತದೆ. ಕಾರ್ಖಾನೆಯ ಮೇಸ್ತ್ರಿ, ಮಾರಾಟದ ಹುಡುಗರು, ಲೆಕ್ಕದವರು ಎಲ್ಲರೂ ಕೂರುವ ಸಭೆಯಲ್ಲಿ ಅರ್ಧ ಜನರಿಗೆ ತಿಳಿಯದ ಇಂಗ್ಲಿಷ್ ಸ್ಲೈಡು ತೋರಿಸಿದರೆ, ಆ ಅಂಕಿಯನ್ನು ತಪ್ಪೆಂದು ಹೇಳಬಲ್ಲವರೇ ಸುಮ್ಮನಾಗುತ್ತಾರೆ.

ನಕ್ಷೆಗೆ ಅದರದೇ ಬಲವಿದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತಮ್ಮ ಪುಸ್ತಕದಲ್ಲಿ ಆಮದು ರಫ್ತಿನ ಪಟ್ಟಿಗಳನ್ನು ಗೆರೆಗಳಾಗಿ ಬರೆದರು, ಸ್ತಂಭನಕ್ಷೆಯನ್ನೂ ಬಳಸಿದರು. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಸಾವುಗಳನ್ನು ಬಣ್ಣದ ದಳಗಳ ಚಿತ್ರವಾಗಿಸಿದಾಗ, ಬಹುಪಾಲು ಸೈನಿಕರು ಗಾಯದಿಂದಲ್ಲ, ತಡೆಯಬಹುದಾದ ರೋಗಗಳಿಂದ ಸತ್ತರು ಎಂಬುದು ಪಟ್ಟಿ ಓದುವ ತಾಳ್ಮೆಯಿಲ್ಲದ ಮಂತ್ರಿಗಳಿಗೂ ಕಂಡಿತು. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಪಟ್ಟಿ ಕೊಟ್ಟರು. ನಾಲ್ಕರಲ್ಲೂ ಸರಾಸರಿ ಒಂದೇ, ಎರಡು ಅಂಶಗಳ ನಡುವಿನ ಸಂಬಂಧದ ಅಳತೆಯೂ ಒಂದೇ. ಬರೆದು ನೋಡಿದರೆ ಒಂದು ಓರೆಗೆರೆಯ ಸುತ್ತ ಚದುರಿದ ಬಿಂದುಗಳು, ಇನ್ನೊಂದು ಬಾಗಿದ ಕಮಾನು, ಉಳಿದೆರಡರಲ್ಲಿ ಒಂಟಿ ಬಿಂದುವೊಂದು ಇಡೀ ಲೆಕ್ಕವನ್ನು ತನ್ನತ್ತ ಎಳೆದಿದೆ. ಹಾಗಾಗಿ ಮಂಡಿಸುವುದಕ್ಕೆ ಮೊದಲು ತಮಗಾಗಿಯೇ ಒಂದು ನಕ್ಷೆ ಬರೆದು ನೋಡಿಕೊಳ್ಳುವುದು ಅಗತ್ಯ.

ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಣ್ಣು ಯಾವುದನ್ನು ಸರಿಯಾಗಿ ಅಳೆಯುತ್ತದೆ ಎಂಬುದು ತಿಳಿದುಬಂತು. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಅದು ಎಲ್ಲಕ್ಕಿಂತ ಚೆನ್ನಾಗಿ ಹೋಲಿಸುತ್ತದೆ. ಕೋನ, ವಿಸ್ತೀರ್ಣಗಳಲ್ಲಿ ಎಡವುತ್ತದೆ. ಎಂಟು ಹತ್ತು ಹೋಳುಗಳ ವೃತ್ತನಕ್ಷೆ, ಉಬ್ಬಿದ ಮೂರು ಆಯಾಮದ ಕಂಬ ಇವು ನೋಡಲು ಚೆನ್ನ, ಓದಲು ಕಷ್ಟ. ಕಂಬಗಳ ನಕ್ಷೆ ಸೊನ್ನೆಯಿಂದಲೇ ಶುರುವಾಗಬೇಕು. 95ರಿಂದ ಶುರುಮಾಡಿದರೆ 96 ಮತ್ತು 98ರ ನಡುವೆ ಮೂರು ಪಟ್ಟು ವ್ಯತ್ಯಾಸವಿದ್ದಂತೆ ಕಾಣುತ್ತದೆ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದ ಕಣ್ಣುಗಳು ಪುರುಷರಲ್ಲಿ ಸಾಕಷ್ಟಿವೆ, ಆದ್ದರಿಂದ ಲಾಭ ನಷ್ಟವನ್ನು ಬಣ್ಣವೊಂದರಿಂದಲೇ ತೋರಿಸಬಾರದು. ನಕ್ಷೆಯ ತಲೆಬರಹ ‘ತ್ರೈಮಾಸಿಕ ಮಾರಾಟ’ ಎಂದಿರುವುದಕ್ಕಿಂತ ‘ಹುಬ್ಬಳ್ಳಿ ಶಾಖೆಯ ಮಾರಾಟ ಮೂರು ತಿಂಗಳಿಂದ ಇಳಿಯುತ್ತಿದೆ’ ಎಂದಿರಲಿ. ಒಪ್ಪದವರು ಎಲ್ಲಿಂದ ವಾದ ಶುರುಮಾಡಬೇಕೆಂದು ಆಗ ತಿಳಿಯುತ್ತದೆ.

ಗುರಿಯಾದ ಅಂಕಿ, ಬದಲಾಗುವ ಅಂದಾಜು

ಅಳತೆಯನ್ನೇ ಗುರಿ ಮಾಡಿದ ಕ್ಷಣದಿಂದ ಅದು ಕೆಡತೊಡಗುತ್ತದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಒಬ್ಬೊಬ್ಬ ಗ್ರಾಹಕನಿಗೂ ಎಂಟು ಖಾತೆ, ಸೇವೆಗಳನ್ನು ಮಾರಬೇಕೆಂದು ಸಿಬ್ಬಂದಿಯನ್ನು ಒತ್ತಾಯಿಸಿತು. ಗುರಿ ಮುಟ್ಟಲಾಗದ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಮಂದಿ ಕೆಲಸ ಕಳೆದುಕೊಂಡದ್ದು ಬಯಲಾಯಿತು. 2020ರಲ್ಲಿ ಬ್ಯಾಂಕ್ ಇನ್ನೂ 300 ಕೋಟಿ ಡಾಲರ್ ತೆತ್ತಿತು. ಹಿರಿಯರ ಮುಂದಿದ್ದ ಅಂಕಿ ಏರುತ್ತಲೇ ಇತ್ತು. ಖಾತೆ ತೆರೆದ ಮೇಲೆ ಅದರಲ್ಲಿ ವಹಿವಾಟು ನಡೆಯುತ್ತಿದೆಯೇ ಎಂಬ ಎರಡನೆಯ ಅಂಕಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರೆ ಮೊದಲನೆಯದು ಟೊಳ್ಳೆಂದು ಬೇಗ ತಿಳಿಯುತ್ತಿತ್ತು. ಗುರಿ ಕೊಡುವ ಪ್ರತಿ ಅಂಕಿಗೂ ಅದನ್ನು ಪರೀಕ್ಷಿಸುವ ಇನ್ನೊಂದು ಅಂಕಿ ಬೇಕು: ಮಾರಾಟಕ್ಕೆ ವಾಪಸಾದ ಸರಕು, ಉತ್ಪಾದನೆಗೆ ಕೆಟ್ಟ ಮಾಲು, ಹೊಸ ಸಾಲಕ್ಕೆ ಕಂತು ತಪ್ಪಿದ ಸಾಲ.

ಅಂದಾಜನ್ನು ಒಂದೇ ಅಂಕಿಯಾಗಿ ಹೇಳಿದರೆ ಅದಕ್ಕೆ ಇಲ್ಲದ ಖಚಿತತೆ ಅಂಟಿಕೊಳ್ಳುತ್ತದೆ. ಬೆಂಗಳೂರಿನ ಕಾಫಿ ಮಂಡಳಿ ಬೆಳೆಯನ್ನು ಎರಡು ಸಲ ಅಂದಾಜಿಸುತ್ತದೆ. ಮೊದಲನೆಯದು ಹೂಮಳೆ ಬಂದು ಹೂವಾದ ಮೇಲೆ, ಎರಡನೆಯದು ಮುಂಗಾರು ಮುಗಿದ ಮೇಲೆ. ನಡುವೆ ಮಳೆ ಅತಿಯಾಗಿ ಕಾಯಿ ಉದುರಿದ್ದರೆ ಎರಡನೆಯ ಅಂಕಿ ಇಳಿಯುತ್ತದೆ. ಅಂಕಿ ಬದಲಾಯಿತೆಂದು ಮೊದಲನೆಯದನ್ನು ಸುಳ್ಳೆನ್ನುವ ಬೆಳೆಗಾರರಿಲ್ಲ. ಆ ಹೊತ್ತಿಗೆ ಗೊತ್ತಿದ್ದಷ್ಟನ್ನು ಅದು ಹೇಳಿತ್ತು. ಕಂಪನಿಗಳ ವಾರ್ಷಿಕ ಅಂದಾಜುಗಳಿಗೂ ಇದೇ ಸೌಲಭ್ಯ ಬೇಕು. ಮಾರಾಟ ಇಷ್ಟರಿಂದ ಇಷ್ಟರ ನಡುವೆ ಇರಬಹುದು, ಇಂಥ ಸಂಗತಿ ನಡೆದರೆ ಇಂಥ ತಿಂಗಳಲ್ಲಿ ಲೆಕ್ಕವನ್ನು ತಿದ್ದುತ್ತೇವೆ ಎಂದು ಮೊದಲೇ ಬರೆದಿಡಬೇಕು.

ನಿರ್ಧಾರ ಕೈಗೊಂಡ ದಿನವೇ ಬರೆದಿಡಬೇಕಾದದ್ದು ಇನ್ನೂ ಸ್ವಲ್ಪ ಇದೆ: ಏನು ನಿರ್ಧರಿಸಿದೆವು, ಯಾವ ಅಂಕಿಯನ್ನು ನಂಬಿ ನಿರ್ಧರಿಸಿದೆವು, ಯಾವ ಅಂಕಿ ಸಿಗಲಿಲ್ಲ, ಆರು ತಿಂಗಳಿಗೆ ಯಾವ ಫಲ ನಿರೀಕ್ಷಿಸುತ್ತೇವೆ, ಅದನ್ನು ಯಾವ ದಿನ ಯಾರು ನೋಡುತ್ತಾರೆ. ಫಲ ಬಂದ ಮೇಲೆ ಬರೆದರೆ ಪ್ರಯೋಜನವಿಲ್ಲ, ಆಗ ಎಲ್ಲರಿಗೂ ತಾವು ಮೊದಲೇ ಹೀಗೆ ಹೇಳಿದ್ದೆವು ಎಂದೇ ನೆನಪಿರುತ್ತದೆ. ಇದಕ್ಕೆ ತಂತ್ರಾಂಶ ಬೇಡ, ತಜ್ಞರೂ ಬೇಡ, ಒಂದು ನೂರು ಪುಟದ ನೋಟ್‌ಬುಕ್ ಸಾಕು. ವ್ಯಾಪಾರ ನಡೆಸುವ ಓದುಗರು ಮುಂದಿನ ಸರಕಿನ ಆರ್ಡರಿನಿಂದಲೇ ಇದನ್ನು ಶುರುಮಾಡಬಹುದು.